ಹಸಿರು ನಿಲ್ಲುವಷ್ಟು ಹೊತ್ತು

ಮೊರದಲ್ಲಿ ಅರ್ಧ ಅಕ್ಕಿ ಆರಿಸಿ ಆಗಿತ್ತು. ಕಲ್ಲು, ನೆಲ್ಲನ್ನು ಬೆರಳಿನಿಂದ ಬದಿಗೆ ತಳ್ಳುತ್ತಾ ಒಂದು ಕಣ್ಣನ್ನು ಅಡುಗೆಮನೆಯ ಕಟ್ಟೆಯ ಮೇಲಿದ್ದ ಕಂಪ್ಯೂಟರಿನ ಕಡೆಗೇ ಇಟ್ಟಿದ್ದೆ. ಪರದೆಯಲ್ಲಿ ಏನೂ ಇರಲಿಲ್ಲ. ‘ಕಾಯು’ ಎಂದು ಬರೆದು, ಎಷ್ಟು ಹೊತ್ತು ಎಂದೂ ಬರೆದು, ಗುಂಡಿ ಒತ್ತಿ ಅಕ್ಕಿಗೆ ಕೂತಿದ್ದೆ. ನಮ್ಮತ್ತೆ ಚೆನ್ನಾಜಮ್ಮನವರು ಕಲಿಸಿಕೊಟ್ಟ ಪರೀಕ್ಷೆ ಇದು. ಅವರ ಕಾಲದಲ್ಲಿ ಅರ್ಧ ಮೊರ ಮುಗಿಯುವುದಕ್ಕೂ ಪರದೆಯ ಮೇಲೆ ಸಣ್ಣ ಗೆರೆ ಮರಳಿ ಬಂದು ಮಿನುಗುವುದಕ್ಕೂ ಸರಿಹೋಗುತ್ತಿತ್ತು. ನನ್ನ ಕೈಗೆ ಬಂದ ಮೇಲೆ ಮುಕ್ಕಾಲು ಮೊರಕ್ಕೆ ಬರತೊಡಗಿತು. ಈಚೆಗಂತೂ ಮೊರ ಖಾಲಿಯಾಗಿ, ಅಕ್ಕಿಯನ್ನು ಪಾತ್ರೆಗೆ ಸುರಿದು, ಕೈ ಒರೆಸಿಕೊಂಡು ಬಂದು ನಿಂತರೂ ಗೆರೆಯ ಸುಳಿವಿರುತ್ತಿರಲಿಲ್ಲ.

ನಮ್ಮ ಊರಿನ ಕಂಪ್ಯೂಟರುಗಳನ್ನು ನಡೆಸುವುದಕ್ಕೆ ಯಾವ ಅಂಗಡಿಯ ಹೆಸರೂ ಇಲ್ಲ. ಹಿಂದೆ ಯಾರೋ ಕೆಲವರು ಸೇರಿ ಬರೆದರು, ಆಮೇಲೆ ಬಂದವರು ತಿದ್ದಿದರು, ಈಗಿನವರು ಇನ್ನೂ ತಿದ್ದುತ್ತಿದ್ದಾರೆ. ನಾವು ಅದನ್ನು ‘ಊರಿಂದು’ ಅನ್ನುತ್ತೇವೆ. ಅದಕ್ಕೆ ಬೆಲೆಯಿಲ್ಲ. ಯಾರು ಬೇಕಾದರೂ ಒಯ್ಯಬಹುದು, ಒಳಗೆ ಏನು ಬರೆದಿದೆಯೆಂದು ಬಿಚ್ಚಿ ಓದಬಹುದು, ತಮಗೆ ಬೇಕಾದಂತೆ ಬದಲಾಯಿಸಿಕೊಳ್ಳಬಹುದು. ಬದಲಾಯಿಸಿದ್ದನ್ನು ಇನ್ನೊಬ್ಬರಿಗೆ ಕೊಡುವುದಾದರೆ ಅದರ ಒಳಗನ್ನೂ ಮುಚ್ಚದೆ ಕೊಡಬೇಕು, ಅಷ್ಟೇ ಕಟ್ಟಳೆ. ಹೊಸದಾಗಿ ಮನೆ ಹೂಡಿದವರಿಗೆ ಮೊದಲು ಸಿಗುವುದು ಬರೀ ಬುಡ. ಕಪ್ಪು ಪರದೆ, ಅದರಲ್ಲಿ ಮಿನುಗುವ ಗೆರೆ. ಉಳಿದದ್ದನ್ನೆಲ್ಲ ಭಂಡಾರದಿಂದ ತರಿಸಿಕೊಳ್ಳಬೇಕು. ಪತ್ರ ಬರೆಯುವುದು, ಚಿತ್ರ ಬಿಡಿಸುವುದು, ಹಾಡು ಕೇಳಿಸುವುದು, ಮಗ್ಗದ ನಕ್ಷೆ ಹಾಕುವುದು, ಪಂಚಾಂಗ ತೆಗೆಯುವುದು, ಎಲ್ಲವೂ ಅಲ್ಲಿವೆ. ಒಂದನ್ನು ಕರೆದರೆ ಅದು ಒಂಟಿಯಾಗಿ ಬರುವುದಿಲ್ಲ. ಹಾಡಿನ ಪ್ರೋಗ್ರಾಮು ಬೇಕೆಂದರೆ, ನನಗೆ ಇಂಥದ್ದು ಇಲ್ಲದೆ ಆಗುವುದಿಲ್ಲ, ಅದಕ್ಕೆ ಇನ್ನೊಂದು ಇಲ್ಲದೆ ಆಗುವುದಿಲ್ಲ ಎಂದು ಮದುವೆಗೆ ಹೊರಟ ಬೀಗರ ಹಾಗೆ ಒಂದರ ಹಿಂದೆ ಒಂದು ಬಂದು ಇಳಿಯುತ್ತವೆ.

ಅವುಗಳಲ್ಲಿ ಪ್ರತಿಯೊಂದೂ ಮಾಡುವುದು ಒಂದೇ ಕೆಲಸ. ಹುಡುಕುವುದು ಹುಡುಕಿ ಕೊಡುತ್ತದೆ, ವಿಂಗಡಿಸುವುದು ವಿಂಗಡಿಸಿ ಕೊಡುತ್ತದೆ, ಎಣಿಸುವುದು ಎಣಿಸುತ್ತದೆ. ಬಾವಿಯಿಂದ ಸಾಲಾಗಿ ನಿಂತು ಕೊಡ ದಾಟಿಸುವ ಹೆಂಗಸರಂತೆ ಒಂದರ ಕೈಯಿಂದ ಇನ್ನೊಂದರ ಕೈಗೆ ಕೆಲಸ ದಾಟುತ್ತದೆ. ಅವನ್ನು ನೋಡಿಕೊಳ್ಳುವವರು ನಾವು. ಒಂದು ಮನೆಗೆ ಒಂದು. ಮನೆಗೆ ಹೆಸರೂ ಅದರದೇ. ಗಡಿಯಾರದ ಮನೆ, ಹುಡುಕೋ ಮನೆ, ಅಚ್ಚಿನ ಮನೆ. ನಮ್ಮದು ಕಾಯೋ ಮನೆ.

ನೋಡಿಕೊಳ್ಳುವವರ ಒಳಗಿನದು ಅವರ ಪ್ರೋಗ್ರಾಮಿಗೂ ಇಳಿಯುತ್ತದೆ. ಇದು ಮೊದಲಿನಿಂದ ಇರುವುದೇ. ನಮ್ಮ ಪಕ್ಕದ ವಿಂಗಡಣೆ ಮನೆಯ ಸುಲೋಚನಾಳ ತಮ್ಮ ಯತಿರಾಜ ತೀರಿಕೊಂಡ ವರ್ಷ ಊರಿನ ಪಟ್ಟಿಗಳೆಲ್ಲ ‘ಯ’ದಿಂದ ಶುರುವಾದವು. ಶಾಲೆಯ ಹಾಜರಿಯಲ್ಲಿ ಯಶವಂತ ಮೊದಲಾದ, ಅಂಬಿಕಾ ಎಲ್ಲೋ ನಡುವೆ ಸೇರಿದಳು. ಯಾರೂ ಏನೂ ಅನ್ನಲಿಲ್ಲ. ಮಾಸ್ತರರು ‘ಯ’ದಿಂದಲೇ ಕೂಗಿದರು. ವರ್ಷದ ತಿಥಿ ಕಳೆದ ಮೇಲೆ ‘ಅ’ ತಾನಾಗಿಯೇ ಮೇಲಕ್ಕೆ ಬಂತು. ಅಚ್ಚಿನ ಮನೆಯ ಸೊಸೆ ಬಸುರಿಯಾದಾಗ ಅಕ್ಷರಗಳು ದುಂಡಗಾಗಿ ಸಾಲಿಗೆ ಎರಡು ಪದ ಕಡಿಮೆ ಹಿಡಿಸತೊಡಗಿದವು. ಕಾಗದ ಹೆಚ್ಚು ತರಿಸಿದರು, ಅಷ್ಟೇ.

ನಾನು ಕಾಯೋ ಮನೆಗೆ ಸೊಸೆಯಾಗಿ ಬಂದಾಗ ಅತ್ತೆ ನನ್ನನ್ನು ಪರದೆಯ ಮುಂದೆ ಕೂರಿಸಿದ್ದರು.

"ಇದರಲ್ಲಿ ಏನೂ ಇಲ್ಲ ಕಣಮ್ಮ. ಇಷ್ಟು ಹೊತ್ತು ಸುಮ್ಮನಿರು ಅಂದರೆ ಸುಮ್ಮನಿರತ್ತೆ. ನೀನೂ ಇದಕ್ಕೆ ಏನೂ ತುಂಬಬೇಡ."

ಅತ್ತೆ ಯಾವುದಕ್ಕೂ ಕಾಯದ ಹೆಂಗಸು. ಬಂದದ್ದನ್ನು ಬಂದ ಹಾಗೆ ತೆಗೆದುಕೊಂಡರು, ಹೋದದ್ದನ್ನು ತಿರುಗಿ ನೋಡಲಿಲ್ಲ. ಅವರ ಕಾಯುವಿಕೆ ಅದಕ್ಕೇ ಅಷ್ಟು ನೇರವಾಗಿತ್ತು. ಬೇಕರಿಯ ಒಲೆ, ನೀರಿನ ಟ್ಯಾಂಕಿನ ಪಂಪು, ಆಚೆ ದಡಕ್ಕೆ ಜನ ದಾಟಿಸುವ ಲಾಂಚಿನ ಗೇಟು, ಶಾಲೆಯ ಗಂಟೆ, ಎಲ್ಲದರ ಒಳಗೂ ಎಲ್ಲೋ ಒಂದು ಕಡೆ ನಮ್ಮ ಮನೆಯ ‘ಕಾಯು’ ಕೂತಿರುತ್ತದೆ. ಹಾಗೆಂದು ಅದನ್ನು ನೆನೆಯುವವರು ಯಾರೂ ಇಲ್ಲ. ಸುಮ್ಮನಿರುವುದಕ್ಕೂ ಒಂದು ಮನೆ ಬೇಕೇ ಎಂದು ನಗುವವರೇ ಹೆಚ್ಚು.

ನಾನು ತುಂಬಬಾರದ್ದನ್ನು ತುಂಬಿದೆ. ಬೇಕೆಂದು ತುಂಬಿದ್ದಲ್ಲ. ನನ್ನ ತವರು ಬಣ್ಣಗಾರರ ಓಣಿ. ನನ್ನ ಅವ್ವ ರುಕುಮವ್ವನ ಮುಂಗೈ ಸದಾ ನೀಲಿ. ನೀಲಿಯ ತೊಟ್ಟಿಯಲ್ಲಿ ಅದ್ದಿದ ನೂಲಿನ ಲಡಿಯನ್ನು ಮೇಲೆತ್ತಿದಾಗ ಅದು ನೀಲಿಯಾಗಿ ಬರುವುದಿಲ್ಲ. ಹಸಿರಾಗಿ ಬರುತ್ತದೆ. ಹಳದಿ ಬೆರೆತ ಒಂದು ಎಳೆ ಹಸಿರು. ಬಿಸಿಲಿಗೆ ಹಿಡಿದ ಎಳೆ ಬಾಳೆಸುಳಿಯಲ್ಲಿ ಅಂಥದ್ದೇನೋ ಕಾಣುತ್ತದೆ, ಆದರೆ ಅದೂ ಅಲ್ಲ. ಗಾಳಿ ತಾಕಿದ ಕೂಡಲೇ ಅಂಚಿನಿಂದ ನೀಲಿ ಏರಿಕೊಂಡು ಬಂದು, ಕಣ್ಣು ಅದನ್ನು ಪೂರ್ತಿ ಹಿಡಿಯುವ ಮೊದಲೇ ಹಸಿರು ಮುಗಿದಿರುತ್ತದೆ. "ಇಷ್ಟು ವರ್ಷ ಎತ್ತಿದೀನಿ, ಒಂದಿನಾನೂ ಅದನ್ನ ಸರಿಯಾಗಿ ನೋಡಿಲ್ಲ ನೋಡು," ಅನ್ನುತ್ತಿದ್ದಳು ಅವ್ವ. ಮದುವೆಯಾದ ಹೊಸತರಲ್ಲಿ, ಓಣಿಯ ನೆನಪು ಎಳೆಯುತ್ತಿದ್ದ ದಿನಗಳಲ್ಲಿ, ಮಧ್ಯಾಹ್ನಗಳಲ್ಲಿ ಕೂತು ನಾನೊಂದು ಪ್ರೋಗ್ರಾಮು ಬರೆದೆ. ಯಾವ ಬಣ್ಣ, ಅದನ್ನು ಎಲ್ಲಿ ನೋಡಿದಿರಿ ಎಂದು ಅದು ಕೇಳುತ್ತದೆ. ಹೇಳಿದರೆ ಪರದೆಯ ತುಂಬ ಆ ಬಣ್ಣ ಹರಡಿ, ಯಾವ ಬೇರು, ಯಾವ ಕಾಯಿ, ಎಷ್ಟು ಅದ್ದು ಎಂದು ತೋರಿಸುತ್ತದೆ. ನೀಲಿ ಕೇಳಿದರೆ ಲಡಿ ಮೇಲೇಳುತ್ತದೆ, ಮೊದಲು ಹಸಿರು, ಆಮೇಲೆ ನೀಲಿ. ಆ ಎರಡರ ನಡುವೆ ಒಂದು ಸಾಲಿನಲ್ಲಿ ನಮ್ಮ ಮನೆಯ ‘ಕಾಯು’ವನ್ನು ಕರೆದಿದ್ದೆ. ಅದಕ್ಕೆ ‘ಬಣ್ಣ’ ಎಂದೇ ಹೆಸರಿಟ್ಟೆ.

ಭಂಡಾರ ನೋಡಿಕೊಳ್ಳುವ ಹಾಲಪ್ಪನವರು ಅದನ್ನು ತೆಗೆದುಕೊಂಡು, "ನೋಡೋಣಮ್ಮ," ಅಂದರು. ಒಂದು ಮನೆಗೆ ಒಂದೇ ತಾನೆ. ನಮ್ಮ ಮನೆಗೆ ಕಾಯುವುದಿತ್ತು. ಬಣ್ಣವನ್ನು ಬೇರೆ ಯಾವುದಾದರೂ ಮನೆ ಒಪ್ಪಿಕೊಳ್ಳುವ ತನಕ ಅದು ‘ನೋಡೋಣ’ದ ಅಟ್ಟದಲ್ಲಿರಬೇಕು. ಆವತ್ತಿನಿಂದ ನಾನು ಕಾದೆ. ಪ್ರತಿ ಹೊಸ ಆವೃತ್ತಿ ಕಟ್ಟುವಾಗಲೂ ಭಂಡಾರದ ಸಭೆ ಮುಗಿಸಿ ಬರುವವರ ಮುಖ ನೋಡುತ್ತಾ ಜಗಲಿಯಲ್ಲಿ ನಿಂತಿರುತ್ತಿದ್ದೆ. ಬಣ್ಣ ಅಟ್ಟ ಇಳಿಯಲಿಲ್ಲ. ನನ್ನ ಕಾಯುವಿಕೆ ಮಾತ್ರ ಇಳಿಯಿತು, ಒಲೆಗೆ, ಪಂಪಿಗೆ, ಲಾಂಚಿಗೆ.

ಊರು ಹೊಂದಿಕೊಂಡಿತು. ಹೆಚ್ಚಾಗಿ ಬರುವ ಆ ಹೊತ್ತಿಗೆ ಜನ ‘ಸೊಸೆ ಪಾಲು’ ಎಂದು ಹೆಸರಿಟ್ಟರು. "ಸೊಸೆ ಪಾಲು ಕಳೆದು ಬರೀರಿ," ಎಂದು ಬೇಕರಿಯ ಖಾದರ್ ಸಾಹೇಬರು ಹೊಸ ಆಳುಗಳಿಗೆ ಹೇಳಿಕೊಡುತ್ತಿದ್ದರು. ಬೇಕಾದ್ದಕ್ಕಿಂತ ಅಷ್ಟು ಕಡಿಮೆ ಹೊತ್ತು ಬರೆದರೆ ಬನ್ನು ಹದವಾಗಿ ಬೇಯುತ್ತಿತ್ತು. ನನ್ನ ಎದುರಿಗೇ ಆ ಮಾತು ಆಡುತ್ತಿದ್ದರು. ಅದರಲ್ಲಿ ಕುಹಕವಿರಲಿಲ್ಲ. ನಾನು ಏನಕ್ಕೆ ಕಾಯುತ್ತಿದ್ದೇನೆ ಎಂದು ಕೇಳಿದವರೂ ಇಲ್ಲ.

ಆ ಬೆಳಿಗ್ಗೆ ಮೊರ ಖಾಲಿಯಾಗುವ ಮೊದಲೇ ಹಾಲಪ್ಪನವರು ಬಂದರು. ಜೊತೆಗೆ ಗಡಿಯಾರದ ಮನೆಯ ಮುರಿಗೆಪ್ಪನವರು. ನಮ್ಮವರು ಎದ್ದು ಕುರ್ಚಿ ಹಾಕಿದರು.

"ಏನಮ್ಮಾ ದಾಕ್ಷಾಯಿಣಿ, ಅಕ್ಕಿ ಆರಿಸ್ತಿದೀಯಾ?" ಅಂದರು ಹಾಲಪ್ಪನವರು. ಕಣ್ಣಿಗೆ ಕಾಣುವುದನ್ನೇ ಕೇಳುವುದು ಅವರ ರೂಢಿ. ಹೇಳಲಾಗದ ಮಾತು ಹೊತ್ತು ತಂದಾಗ ಇನ್ನೂ ಹೆಚ್ಚು.

ಮುರಿಗೆಪ್ಪನವರು ಕೂರಲಿಲ್ಲ. ಪರದೆಯ ಮುಂದೆ ನಿಂತು, ನಾನು ಬರೆದದ್ದನ್ನು ಓದಿ, ಜೇಬಿನಿಂದ ಗಡಿಯಾರ ತೆಗೆದು ಹಿಡಿದರು. ಅವರ ಮನೆಯ ಗಡಿಯಾರಕ್ಕೆ ಯಾವತ್ತೂ ಏನೂ ಇಳಿದದ್ದಿಲ್ಲ. ಮಗಳ ಮದುವೆಯ ದಿನವೂ ಅದು ನಿನ್ನೆಯ ಹಾಗೇ ನಡೆದಿತ್ತು. ಗೆರೆ ಬರುವ ತನಕ ನಾವು ಮೂವರೂ ಅವರ ಬೆನ್ನು ನೋಡುತ್ತಾ ಇದ್ದೆವು. ಕೊನೆಗೆ ಬಂತು.

"ಬರೆದದ್ದೆಷ್ಟು, ಬಂದದ್ದೆಷ್ಟು ನೋಡಿ," ಎಂದು ಹಾಲಪ್ಪನವರ ಕಡೆ ತಿರುಗಿದರು.

"ಇರಲಿ ಬಿಡಿ ಮುರಿಗೆಪ್ಪ. ಊರಿಗೆ ಅಭ್ಯಾಸ ಆಗಿಹೋಗಿದೆ." ಹಾಲಪ್ಪನವರು ನನ್ನತ್ತ ಬಾಗಿದರು. "ಏನಿಲ್ಲಮ್ಮಾ, ಈ ಸಲದ ಆವೃತ್ತೀನ ನೀರಿನಾಚೆ ಊರವರೂ ಕೇಳಿದಾರೆ. ಮುಂದಿನ ವಾರ ಕಟ್ಟಿ ಕೊಡಬೇಕು. ಅವರಿಗೆ ನಿನ್ನ ಸೊಸೆ ಪಾಲು ಕಳೆದು ಬರೆಯೋಕೆ ಎಲ್ಲಿ ಗೊತ್ತಾಗತ್ತೆ, ಹೇಳು."

"ಏನು ಮಾಡಬೇಕು ಅಂತೀರಿ?"

"ಕಾಯೋದನ್ನ ನಮ್ಮನೆಗೆ ಸೇರಿಸಿಬಿಡೋಣ," ಅಂದರು ಮುರಿಗೆಪ್ಪನವರು. "ಗಡಿಯಾರದೋರಿಗೆ ಅದೇನು ದೊಡ್ಡ ಕೆಲಸಾನಾ? ಮುಳ್ಳು ನೋಡ್ಕೊಂಡು ಕೂತರಾಯ್ತು."

"ಒಂದು ಮನೆಗೆ ಒಂದೇ ಅಲ್ವಾ?"

"ಅದು ನಮ್ಮದರ ಬಾಲ ಅಂತ ಲೆಕ್ಕ. ಬೇರೆ ಅಲ್ಲ."

ನಮ್ಮ ಮನೆಯವರು ಕೆಮ್ಮಿದರು. ಮೂರು ತಲೆಮಾರು ಕಾದ ಮನೆ ಒಂದೇ ಮಾತಿಗೆ ಬಾಲವಾಗಿತ್ತು. ಹಾಲಪ್ಪನವರಿಗೂ ಅದು ಚುಚ್ಚಿರಬೇಕು. ಅವಸರದಲ್ಲಿ ಅಂದರು, "ಹಾಗಂತ ನಿಮ್ಮನೇನ ಖಾಲಿ ಬಿಡ್ತೀವಾ? ನಿಂದೊಂದು ಇತ್ತಲ್ಲಮ್ಮ ಅಟ್ಟದಲ್ಲಿ... ಅದೇ, ರಂಗೋಲಿದು..."

"ಬಣ್ಣ."

"ಹಾಂ, ಬಣ್ಣ! ಅದನ್ನೂ ತಗೊಂಡುಬಿಡೋಣ. ಇನ್ನು ಮೇಲೆ ಬಣ್ಣದ ಮನೆ. ಕೇಳೋಕೂ ಚೆನ್ನಾಗಿರತ್ತೆ, ಏನಂತೀರಿ?" ಎಂದು ನಮ್ಮವರ ಮುಖ ನೋಡಿದರು. ಇವರು ಹಿಗ್ಗಿದರು. ಅವರನ್ನು ನಾನು ದೂರುವುದಿಲ್ಲ. ಕಾಯೋ ಮನೆಯವನು ಎಂದು ಅನ್ನಿಸಿಕೊಂಡು, ಪೇಟೆಯಲ್ಲಿ "ಸ್ವಲ್ಪ ಕಾಯ್ರೀ ಸ್ವಾಮಿ, ನಿಮಗೇನು ಹೊಸದಾ?" ಎಂಬ ತಮಾಷೆಯನ್ನು ಜೀವನವಿಡೀ ನುಂಗಿದವರು.

ಇಷ್ಟು ವರ್ಷ ಯಾವ ಮಾತಿಗೆ ಕಿವಿ ತೆರೆದಿಟ್ಟು ಕೂತಿದ್ದೆನೋ ಆ ಮಾತು ನನ್ನ ಅಡುಗೆಮನೆಗೇ ಬಂದಿತ್ತು. ಕೊಸರಿಗೆ ಹಾಕುವ ಹಿಡಿ ಕರಿಬೇವಿನ ಹಾಗೆ ಬಂದಿತ್ತು.

"ಅದನ್ನ ಯಾರಾದ್ರೂ ತೆರೆದು ನೋಡಿದ್ರಾ?" ಎಂದು ಕೇಳಿದೆ.

ಹಾಲಪ್ಪನವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. "ನೋಡೋದೇನಮ್ಮಾ? ನಿನ್ನ ಮೇಲೆ ನಮಗೆ ನಂಬಿಕೆ ಇಲ್ವಾ?"

ಮುರಿಗೆಪ್ಪನವರು ಗಡಿಯಾರವನ್ನು ಜೇಬಿಗೆ ಹಾಕಿಕೊಂಡರು. ಅವರಿಗೆ ಬೇರೆ ಕಡೆ ಹೋಗಬೇಕಿತ್ತು.

"ಆಗಲಿ," ಅಂದೆ.

ಅಂದ ಕೂಡಲೇ ನನ್ನೊಳಗೆ ಏನೋ ಸದ್ದಿಲ್ಲದೆ ನಿಂತುಹೋಯಿತು. ಫ್ಯಾನು ನಿಂತ ಮೇಲೆಯೇ ಅಲ್ಲಿಯ ತನಕ ಅದು ಸದ್ದು ಮಾಡುತ್ತಿತ್ತು ಎಂದು ಗೊತ್ತಾಗುತ್ತದಲ್ಲ, ಹಾಗೆ. ಇನ್ನು ಮೂರು ದಿನಕ್ಕೆ ಬಂದು ಕಾಯುವುದನ್ನು ಒಯ್ಯುವುದೆಂದು ಹೇಳಿ, ಅವರು ಕಾಫಿ ಕುಡಿದು ಹೊರಟರು. ನಮ್ಮವರು ಬಾಗಿಲ ಮೇಲಿನ ಹಲಗೆಯಲ್ಲಿ ಹೊಸ ಹೆಸರು ಬರೆಸುವ ಬಗ್ಗೆ ಮಾತಾಡಿದರು. ನಾನು ಹೂಂ ಅಂದೆ.

ಮರುದಿನ ಬೆಳಿಗ್ಗೆ ಅಭ್ಯಾಸದಂತೆ ‘ಕಾಯು’ ಎಂದು ಬರೆದು ಮೊರ ತೆಗೆದುಕೊಂಡು ಕೂತೆ. ಅರ್ಧ ಆರಿಸಿದೆ. ತಲೆಯೆತ್ತಿದರೆ ಗೆರೆ ಮಿನುಗುತ್ತಿತ್ತು. ಇನ್ನೊಮ್ಮೆ ಬರೆದೆ. ಸರಿಯಾಗಿ ಉಳಿದರ್ಧಕ್ಕೆ ಬಂತು. ಅತ್ತೆ ಬಂದು ಪಕ್ಕದಲ್ಲಿ ಕೂತ ಹಾಗಾಯಿತು. ನನ್ನಲ್ಲಿ ಕಾಯುವಂಥದ್ದು ಇನ್ನೇನೂ ಉಳಿದಿರಲಿಲ್ಲ, ಅದು ಪರದೆಗೆ ನನಗಿಂತ ಮೊದಲು ತಿಳಿದಿತ್ತು.

ಹೊತ್ತೇರುವಷ್ಟರಲ್ಲಿ ಸುಲೋಚನಾ ಹಿತ್ತಿಲ ಬಾಗಿಲಿನಿಂದ ಬಂದಳು. ಕೈಯಲ್ಲೊಂದು ಬನ್ನಿತ್ತು. ಅದನ್ನು ಕಟ್ಟೆಯ ಮೇಲಿಟ್ಟು ಬೆರಳಿನಿಂದ ಒತ್ತಿದಳು. ಒತ್ತಿದ ಗುಳಿ ಹಾಗೇ ಉಳಿಯಿತು, ಒಳಗೆಲ್ಲ ಹಸಿ ಹಿಟ್ಟು.

"ಏನೇ ದಾಕ್ಷಿ, ಊರಿಗೆಲ್ಲ ಹಸಿ ಹಿಟ್ಟು ತಿನ್ನಿಸೋಕೆ ಹೊರಟಿದೀಯಾ? ಖಾದರ್ ಸಾಹೇಬರು ತಲೆ ಮೇಲೆ ಕೈ ಹೊತ್ಕೊಂಡು ಕೂತಿದಾರೆ. ಸೊಸೆ ಪಾಲು ಕಳೆದೇ ಬರೆದಿದೀನಿ, ಪಾಲೇ ಬಂದಿಲ್ಲ ಅಂತಾರೆ."

ನನಗೆ ನಗು ಬಂತು. ಆಮೇಲೆ ಅವಳ ಮುಖ ನೋಡಿ ನಿಲ್ಲಿಸಿದೆ.

"ಬನ್ನು ಹಾಳಾಗಲಿ, ನಮ್ಮತ್ತೆಗೆ ಇವತ್ತು ಲಾಂಚು ತಪ್ಪಿತು," ಅಂದಳು. "ಕಣ್ಣಿನ ಡಾಕ್ಟರು ಆಚೆ ದಡಕ್ಕೆ ಬರೋದೇ ತಿಂಗಳಿಗೊಂದು ಸಲ. ಮೊಣಕಾಲು ಹಿಡ್ಕೊಂಡು ಹಲಗೆ ಮೇಲೆ ಒಂದು ಕಾಲು ಇಟ್ಟಿದಾರೆ, ಗೇಟು ಮುಚ್ಕೊಂಡುಬಿಡ್ತು. ಪ್ರತಿ ಸಲಾನೂ ಆ ಎರಡನೇ ಕಾಲು ಇಡ್ತಿದ್ದದ್ದು ನಿನ್ನ ಪಾಲಿನಲ್ಲಿ ಕಣೇ. ಈಗ ಮನೇಲಿ ಕೂತು ನನ್ನ ಬೈತಿದಾರೆ, ನಾನೇ ಲಾಂಚು ಓಡಿಸೋಳ ಹಾಗೆ."

ನಾನು ನಡೆದದ್ದನ್ನೆಲ್ಲ ಹೇಳಿದೆ. ಅವಳು ಬನ್ನಿನ ಗುಳಿ ನೋಡುತ್ತಾ ಕೇಳಿದಳು. ಕೊನೆಗೆ, "ಬಣ್ಣದ ಮನೆ," ಎಂದು ಬಾಯಲ್ಲಿ ಆಡಿಸಿ ನೋಡಿದಳು. "ಎಲ್ಲಿ, ತೋರಿಸು ಮತ್ತೆ. ಇಷ್ಟು ವರ್ಷ ನೀನು ಅದರ ಮಾತಾಡಿದ್ದು ಕೇಳಿದೀನಿ, ಕಣ್ಣಲ್ಲಿ ನೋಡಿಲ್ಲ."

"ನನ್ನ ಹತ್ರ ಇಲ್ಲ. ಭಂಡಾರಕ್ಕೆ ಕೊಟ್ಟೆನಲ್ಲ."

"ಕೊಟ್ಟರೆ? ಒಂದು ಪ್ರತಿ ಮನೇಲಿ ಇಟ್ಕೊಂಡಿಲ್ವಾ?"

"ಇಲ್ಲ. ಒಪ್ಪಿಸಿದ ಮೇಲೆ ಮುಟ್ಟಬಾರದು ಅಂತ..."

"ಯಾರು ಹೇಳಿದ್ದು?"

ಯಾರು ಹೇಳಿದ್ದು? ಯಾರೂ ಹೇಳಿರಲಿಲ್ಲ. ಬಣ್ಣಗಾರರ ಓಣಿಯಲ್ಲಿ ಹಬ್ಬದ ಪಾಯಸವನ್ನು ದೇವರ ಮುಂದೆ ಇಡುವ ಮೊದಲು ಸಿಹಿ ಸಾಕೇ ಎಂದು ಕೂಡ ನೋಡುವುದಿಲ್ಲ, ಇಟ್ಟ ಮೇಲೆ ಪೂಜೆ ಮುಗಿಯುವ ತನಕ ಆ ಕಡೆ ಕೈ ಚಾಚುವುದಿಲ್ಲ. ನಾನು ಅದನ್ನೇ ಇಲ್ಲಿಗೂ ತಂದಿದ್ದೆ. ಒಂದು ಪ್ರತಿ ಹಿಂದಿಟ್ಟುಕೊಂಡರೆ ಕೊಟ್ಟದ್ದು ಪೂರ್ತಿ ಕೊಟ್ಟ ಹಾಗಾಗುವುದಿಲ್ಲ ಎಂದು ನನ್ನ ಮನಸ್ಸು ತಾನಾಗಿಯೇ ತೀರ್ಮಾನಿಸಿಬಿಟ್ಟಿತ್ತು.

"ಅಯ್ಯೋ ನಿನ್ನ!" ಸುಲೋಚನಾ ಹಣೆ ಬಡಿದುಕೊಂಡಳು. "ಇದೇನು ಪಾಯಸಾನೇನೆ? ಎಷ್ಟು ಜನ ತಗೊಂಡರೂ ಪಾತ್ರೇಲಿ ಅಷ್ಟೇ ಇರತ್ತೆ. ಅದಕ್ಕೇ ತಾನೇ ಊರು ಇದನ್ನ ಬಾಗಿಲು ಹಾಕದೆ ಇಟ್ಟಿರೋದು? ಅಟ್ಟದಲ್ಲಿದ್ದರೇನು, ಅಂಗಳದಲ್ಲಿದ್ದರೇನು, ಕೇಳಿದರೆ ಈಗಲೇ ಬರತ್ತೆ."

 ತೀರಿಕೊಳ್ಳುವ ಮೊದಲು ಅವ್ವ ಕೊನೆಯ ಸಲ ನಮ್ಮ ಮನೆಗೆ ಬಂದದ್ದು ನೆನಪಾಯಿತು. ಆಗಲೇ ತೊಟ್ಟಿಗೆ ಬಗ್ಗಲು ಆಗುತ್ತಿರಲಿಲ್ಲ ಅವಳಿಗೆ. ಇದೇ ಕಟ್ಟೆಯ ಪಕ್ಕ ನಿಂತು, "ಆ ಹಸಿರು ನಿನ್ನ ಪೆಟ್ಟಿಗೇಲಿ ಕಾಣತ್ತಂತಲ್ಲ, ತೋರಿಸೇ," ಅಂದಿದ್ದಳು. "ಭಂಡಾರದಲ್ಲಿದೆ ಅವ್ವಾ, ಒಪ್ಪಿಗೆ ಆಗಲಿ," ಅಂದಿದ್ದೆ. "ಆಗಲಿ ಆಗಲಿ, ದೊಡ್ಡೋರು ನೋಡಲಿ ಮೊದಲು," ಎಂದು ಅವಳೂ ತಲೆಯಾಡಿಸಿದ್ದಳು. ಅವಳಿಗೂ ಅದು ಸರಿಯೆಂದೇ ತೋರಿತ್ತು. ನಾವಿಬ್ಬರೂ ಒಂದೇ ಓಣಿಯವರು.

ಸುಲೋಚನಾ ಎದ್ದಳು. ಅವಳ ಅತ್ತೆಗೆ ಇನ್ನೂ ಊಟ ಬಡಿಸಬೇಕಿತ್ತು. ಬಾಗಿಲ ತನಕ ಹೋಗಿ ತಿರುಗಿ, "ನಾಡಿದ್ದು ಗಡಿಯಾರದೋರ ಕೈಗೆ ಹೋದ ಮೇಲೆ ಲಾಂಚು ಹೀಗೇನಾ ಇನ್ನು?" ಅಂದಳು.

"ಹೀಗೇ."

"ನಮ್ಮತ್ತೆ ಎರಡನೇ ಕಾಲು?"

"ಲಾಂಚಿನವನಿಗೆ ಹೇಳು," ಅಂದೆ. "ಹೊತ್ತು ನೋಡ್ಕೊಂಡು ಗೇಟು ಹಾಕಬೇಡ, ಅಜ್ಜೀನ ನೋಡ್ಕೊಂಡು ಹಾಕು ಅಂತ. ಅವರು ಹತ್ತಿ ಕೂತು ಹೂಂ ಅಂದ ಮೇಲೆ ಕೈಯಲ್ಲೇ ಎಳೀಲಿ."

"ಅದು ಸರಿಯಾದ ಮಾತು. ಅವರು ಹೂಂ ಅನ್ನೋಕೆ ಮೊದಲು ನಾಲ್ಕು ಬೈಗುಳ ಬೈತಾರೆ, ಅಷ್ಟು ಹೊತ್ತು ಲಾಂಚು ನಿಂತಿರಲಿ," ಎಂದು ನಗುತ್ತಾ ಹೋದಳು.

ಮಧ್ಯಾಹ್ನ ನಮ್ಮವರು ಊಟ ಮುಗಿಸಿ ಜಗಲಿಯಲ್ಲಿ ಅಡ್ಡಾದರು. ನಾನು ಕಂಪ್ಯೂಟರಿನ ಮುಂದೆ ಕೂತು ಭಂಡಾರಕ್ಕೆ ‘ಬಣ್ಣ’ ಎಂದು ಬರೆದೆ. ಯಾರನ್ನೂ ಕೇಳಬೇಕಾಗಲಿಲ್ಲ. ಯಾವ ಬಾಗಿಲನ್ನೂ ತಟ್ಟಬೇಕಾಗಲಿಲ್ಲ. ಸೆರಗಿನ ಗಂಟು ಬಿಚ್ಚಿ ಕಾಸು ತೆಗೆಯುವಷ್ಟು ಸುಲಭವಾಗಿ ಅದು ಅಟ್ಟದಿಂದ ಇಳಿದು ಬಂದು ನನ್ನ ಪರದೆಯ ಮೇಲೆ ನಿಂತಿತು. ಮೇಲ್ಗಡೆ ನನ್ನ ಆಗಿನ ಬರವಣಿಗೆ, ಆಗಿನ ಹೆಮ್ಮೆಯ ಉದ್ದುದ್ದ ಸಾಲುಗಳು. ಅವು ಇನ್ನೊಬ್ಬಳದೆಂಬಂತೆ ಓದಿದೆ.

ಯಾವ ಬಣ್ಣ ಎಂದು ಕೇಳಿತು. ನೀಲಿ ಎಂದು ಬರೆದೆ. ಎಲ್ಲಿ ನೋಡಿದಿರಿ ಎಂದು ಕೇಳಿತು. ಅವ್ವನ ತೊಟ್ಟಿಯಲ್ಲಿ ಎಂದು ಬರೆದೆ.

ಪರದೆ ಕದಡಿತು. ಲಡಿ ಮೇಲೆದ್ದಿತು. ಹಸಿರು ಬಂತು. ಉಸಿರು ಎಳೆದುಕೊಂಡೆ, ಬಿಡುವಷ್ಟರಲ್ಲಿ ನೀಲಿಯಾಗಿಹೋಗಿತ್ತು.

ಮತ್ತೆ ಬರೆದೆ. ಮತ್ತೆ ಹಾಗೇ. ನಾನು ಬರೆದಿಟ್ಟಿದ್ದ ಹೊತ್ತು ಅಷ್ಟೇ ಸ್ವಲ್ಪ, ತೊಟ್ಟಿಯಲ್ಲಿ ಇರುವಷ್ಟೇ. ನಮ್ಮ ಮನೆಯ ‘ಕಾಯು’ ಇವತ್ತು ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿತ್ತು. ನಿನ್ನೆ ಬೆಳಿಗ್ಗೆಯ ತನಕ ಅದು ಹಾಗಿರಲಿಲ್ಲ. ನಿನ್ನೆ ಬೆಳಿಗ್ಗೆ ಇದನ್ನು ತೆರೆದಿದ್ದರೆ, ಹೋದ ವರ್ಷ ತೆರೆದಿದ್ದರೆ, ಅವ್ವ ಕಟ್ಟೆಯ ಪಕ್ಕ ನಿಂತಿದ್ದ ಆ ದಿನ ತೆರೆದಿದ್ದರೆ, ಆ ಸಾಲಿಗೆ ಬಂದಾಗ ನನ್ನ ಕಾಯುವಿಕೆಯಷ್ಟೂ ಬಂದು ಅಲ್ಲಿ ನಿಲ್ಲುತ್ತಿತ್ತು. ನೀಲಿ ಅಂಚಿನಲ್ಲೇ ತಡೆದು ನಿಂತು, ಹಸಿರು ಪರದೆಯ ತುಂಬ, ನೋಡಿ ಮುಗಿಯುವಷ್ಟು ಹೊತ್ತು ಇರುತ್ತಿತ್ತು. ಅವ್ವ ಕಟ್ಟೆಗೆ ಕೈಯೂರಿ, ಬಗ್ಗಿ, ಸಾವಕಾಶವಾಗಿ ನೋಡುತ್ತಿದ್ದಳು. ಇಷ್ಟು ವರ್ಷವೂ ಆ ಹಸಿರನ್ನು ಹಿಡಿದು ನಿಲ್ಲಿಸುವಂಥದ್ದು ನನ್ನ ಹತ್ತಿರ ಇತ್ತು. ಅದನ್ನು ಒಲೆಯೂ ಪಂಪೂ ಬಳಸಿಕೊಂಡವು, ಅಜ್ಜಿಯ ಎರಡನೇ ಕಾಲು ಬಳಸಿಕೊಂಡಿತು. ನಾನೊಬ್ಬಳು ಬಳಸಲಿಲ್ಲ. ಯಾರೋ ನೋಡಲಿ ಎಂದು ಕಾದೆ. ಅವರು ನೋಡದೆಯೇ ಹೂಂ ಅಂದರು, ಕಾಯುವುದು ಮುಗಿಯಿತು, ಅದರ ಜೊತೆಗೆ ಹಸಿರೂ ಮುಗಿಯಿತು.

ಎಷ್ಟು ಸಲ ನೀಲಿ ಎಂದು ಬರೆದೆನೋ ತಿಳಿಯದು. ಮತ್ತೆ ಕಾಯಲು ನೋಡಿದೆ ಕೂಡ. ಕಣ್ಣು ಮುಚ್ಚಿ, ಯಾವುದಕ್ಕಾದರೂ ಆಗಲಿ, ಸಂಜೆಯ ಮಲ್ಲಿಗೆಯವಳಿಗೋ, ಬರುವ ಹಬ್ಬಕ್ಕೋ ಕಾಯುತ್ತಿದ್ದೇನೆ ಎಂದುಕೊಂಡೆ. ಆಗಲಿಲ್ಲ. ಬೇಕೆಂದು ಕಾಯಲು ಬರುವುದಿಲ್ಲ. ಮಲ್ಲಿಗೆಯವಳು ಹೇಗಿದ್ದರೂ ಬರುತ್ತಾಳೆ.

ಜಗಲಿಯಲ್ಲಿ ನಮ್ಮವರು ಮಗ್ಗುಲು ಬದಲಿಸಿದ ಸದ್ದು ಕೇಳಿತು. ಹೊರಗೆ ಲಾಂಚು ಕೂಗಿತು, ಮಧ್ಯಾಹ್ನದ ಸರದಿಯದು. ಆ ಕೂಗಿಗೆ ನಾನೇ ಬೆಳಿಗ್ಗೆ ಆಡಿದ ಮಾತು ಕಿವಿಗೆ ಬಂತು. ಹೊತ್ತು ನೋಡಬೇಡ, ಅಜ್ಜಿಯನ್ನು ನೋಡು.

ಬಣ್ಣದ ಒಳಗನ್ನು ಬಿಚ್ಚಿದೆ. ಹಸಿರಿಗೂ ನೀಲಿಗೂ ನಡುವಿನ ಆ ಸಾಲು ಸಿಕ್ಕಿತು. ‘ಕಾಯು’ ಎಂದಿತ್ತು. ನನ್ನ ಮನೆಯ ಹೆಸರು ಅದು, ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಅಳಿಸಿದೆ. ಆ ಜಾಗದಲ್ಲಿ ಬೇರೆ ಸಾಲು ಬರೆದೆ. ಹಸಿರನ್ನು ತೋರಿಸಿ ಸುಮ್ಮನಿರು, ನೋಡುತ್ತಿರುವವಳು ಯಾವುದಾದರೊಂದು ಗುಂಡಿ ಒತ್ತುವ ತನಕ ನೀಲಿಗೆ ಹೋಗಬೇಡ. ಅಷ್ಟೇ. ಅದಕ್ಕೆ ಇನ್ನು ನಮ್ಮ ಮನೆಯ ಕಾಯುವಿಕೆಯೂ ಬೇಡ, ಗಡಿಯಾರದವರ ಮುಳ್ಳೂ ಬೇಡ. ಮದುವೆಯಾದ ವರ್ಷವೇ ಬರೆಯಬಹುದಾಗಿದ್ದ ಸಾಲು. ಆಗ ಹೊಳೆಯಲಿಲ್ಲ. ಹೊತ್ತನ್ನು ಬೇರೆ ಯಾರಾದರೂ ಹೇಳಬೇಕು ಎಂದೇ ಆಗ ನಾನು ತಿಳಿದಿದ್ದೆ.

ನೀಲಿ ಎಂದು ಬರೆದೆ. ಅವ್ವನ ತೊಟ್ಟಿಯಲ್ಲಿ ಎಂದು ಬರೆದೆ. ಲಡಿ ಎದ್ದಿತು, ಹಸಿರು ಬಂತು, ನಿಂತಿತು.

ನಾನು ಅಂದುಕೊಂಡದ್ದಕ್ಕಿಂತ ಅದರಲ್ಲಿ ಹಳದಿ ಹೆಚ್ಚಿತ್ತು. ನಡುವೆ ಒಂದು ಕಡೆ ತಾಮ್ರದಂಥ ಹೊಳಪು. ನಾನೇ ಹಾಕಿದ್ದು, ಕಣ್ಣಂದಾಜಿನಲ್ಲಿ ಹಾಕಿ ಮರೆತದ್ದು. ನಮ್ಮ ಅಡುಗೆಮನೆಯ ಗೋಡೆಗೆ, ಮೊರಕ್ಕೆ, ನನ್ನ ಮುಂಗೈಗೆ ಅದರ ಬೆಳಕು ಬಿದ್ದಿತ್ತು.

ನಾಡಿದ್ದು ಮುರಿಗೆಪ್ಪನವರು ಬಂದು ಕಾಯುವುದನ್ನು ಒಯ್ಯಲಿ. ಬಣ್ಣವನ್ನು ಮಾತ್ರ ಹೀಗೆಯೇ ಕೊಡುವುದು, ಈ ಸಾಲಿನ ಸಮೇತ, ಏನೂ ಹೇಳದೆ. ಅವರು ತೆರೆದು ನೋಡುವುದಿಲ್ಲ, ಕೇಳುವುದೂ ಇಲ್ಲ. ಆಚೆ ದಡದ ಯಾವುದೋ ಅಡುಗೆಮನೆಯಲ್ಲಿ ಯಾರೋ ಒಬ್ಬಳು ನೀಲಿ ಎಂದು ಬರೆದು, ಹಸಿರು ನೋಡಿ, ಇದೇನು ಮುಂದೆ ಹೋಗುತ್ತಿಲ್ಲವಲ್ಲ ಎಂದು ಬೆರಳನ್ನು ಗುಂಡಿಯ ಮೇಲೆ ತಂದು ಅಲ್ಲೇ ತಡೆದಾಳು. ಅವಳಿಗಾದರೂ ಒಪ್ಪಿಗೆ ಬೇಕಾಗದಿರಲಿ. ಒಂದು ಪ್ರತಿ ನನ್ನ ಹತ್ತಿರವೂ ಇರುತ್ತದೆ.

"ಏನು ಮಾಡ್ತಿದೀಯಾ ಒಳಗೆ?" ನಮ್ಮವರು ಜಗಲಿಯಿಂದ ಕೇಳಿದರು. "ಹಲಗೆ ಬರೆಯೋನಿಗೆ ಹೇಳಿಬರಲಾ? ಯಾವ ಬಣ್ಣದಲ್ಲಿ ಬರೆಸೋಣ?"

"ನಿಮಗೆ ಯಾವುದು ಬೇಕೋ ಅದು," ಅಂದೆ.

"ನೀಲಿ?"

"ಆಗಲಿ."

ಚಪ್ಪಲಿಯ ಸದ್ದು ಬೀದಿಗಿಳಿದು ದೂರವಾಯಿತು. ಸಂಜೆಗೆ ಅಕ್ಕಿ ಆರಿಸುವುದಿತ್ತು. ಮೊರವನ್ನು ತೊಡೆಯ ಮೇಲೆ ಎಳೆದುಕೊಂಡು, ಪರದೆಯ ಆ ಬೆಳಕಿನಲ್ಲೇ, ಗುಂಡಿ ಒತ್ತದೆ, ಕಲ್ಲು ಹುಡುಕತೊಡಗಿದೆ.